ಬೇಡ ಅನ್ನುವುದನ್ನು ಕಲಿಸಿದವರು

ಉಗುರಿನಿಂದ ಎನಾಮೆಲ್ ತಟ್ಟೆಯ ಅಂಚನ್ನು ಎರಡು ಸಲ ತಟ್ಟುವ ಸದ್ದು. ಟಿಣ್, ಟಿಣ್. ಮೂರನೆಯ ಸಲ ಅವರು ಎಂದೂ ತಟ್ಟಿದವರಲ್ಲ. ಭದ್ರಾವತಿಯಲ್ಲಿ ಆಗ ಸದ್ದಿಗೇನು ಬರವೇ? ಕಾರ್ಖಾನೆಯ ಕೂಗು ಇತ್ತು, ಅದಿರು ತರುವ ವ್ಯಾಗನ್ನುಗಳ ಗಡಗಡ ಇತ್ತು, ನಮ್ಮ ಅಜ್ಜಿಯ ಗೊಣಗಾಟವಂತೂ ಮೂರು ಶಿಫ್ಟಿನಲ್ಲೂ ಇತ್ತು. ಅವೆಲ್ಲ ಈಗ ಒಂದರ ಮೇಲೊಂದು ಬಿದ್ದು ಬರೀ ಗದ್ದಲವಾಗಿ ಉಳಿದಿವೆ. ಈ ಸಣ್ಣ ಸದ್ದು ಮಾತ್ರ ಬೇರೆಯಾಗಿ, ಕ್ಲಿಯರ್ ಆಗಿ ಕೂತಿದೆ. ಎಂಬತ್ತು ದಾಟಿದ ಮೇಲೆ ಡಾಕ್ಟರು ನನ್ನ ಬಲಗಿವಿ ಹೋಗಿದೆ ಅಂದರು. ಹೋದ ಕಿವಿಯಲ್ಲೇ ಅದು ಕೇಳಿಸುತ್ತದೆ.

ಮೊನ್ನೆ ವಿನೋಬನಗರದ ಈ ಮನೆಗೆ ನನ್ನ ಮೊಮ್ಮಗಳು ಒಂದು ನಾಯಿಮರಿ ತಂದಳು. ಬುಟ್ಟಿಯಿಂದ ಇಳಿಸಿ, ಫೋನು ಕೈಯಲ್ಲಿ ಹಿಡಿದುಕೊಂಡು, "ಅಜ್ಜಿ, ಟ್ರೇನಿಂಗ್ ಎಲ್ಲಿಂದ ಸ್ಟಾರ್ಟ್ ಮಾಡೋದು? ಮೊದಲು ಸಿಟ್ ಕಲಿಸ್ಲಾ, ಕಮ್ ಕಲಿಸ್ಲಾ?" ಅಂದಳು. "ಉಣಿಸಿದ ಕೂಡಲೇ ಹೊರಗೆ ಕರ್ಕೊಂಡು ಹೋಗು. ದಿನಾ ಅದೇ ಜಾಗಕ್ಕೆ. ಹೋಗಿ ಬೆನ್ನು ತಿರುಗಿಸಿ ನಿಂತ್ಕೋ" ಅಂದೆ. "ಬೆನ್ನು ಯಾಕೆ?" "ಅದಕ್ಕೂ ನಾಚಿಕೆ ಇರುತ್ತೆ." ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಇದು ನನ್ನ ಮಾತಲ್ಲ ಅಂತ ಹೇಳಬೇಕಿತ್ತು, ಹೇಳಲಿಲ್ಲ. ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು.

ಕ್ವಾರ್ಟರ್ಸಿನ ಮಕ್ಕಳೆಲ್ಲ ಅವರನ್ನು ನಾಯಿ ಮೇಷ್ಟ್ರು ಅನ್ನುತ್ತಿದ್ದೆವು. ಅವರಿಗೊಂದು ಹೆಸರಿತ್ತು, ನಮ್ಮಪ್ಪನಿಗೆ ಗೊತ್ತಿತ್ತು, ನಾನು ಕೇಳಲೇ ಇಲ್ಲ. ಮನೆಯಲ್ಲಿ ಅವರ ಮಾತು ಬಂದರೆ 'ಅವನು ಬಂದ', 'ಅವನು ಹೋದ' ಅಷ್ಟೇ. ಈಗ ಬಹುವಚನದಲ್ಲಿ ಬರೆಯುತ್ತಿದ್ದೇನೆ. ಇದರಿಂದ ಅವರಿಗೇನೂ ಸಿಗುವುದಿಲ್ಲ ಅಂತ ಗೊತ್ತು.

ಕೋಲಾರದ ಕಡೆಯವರು. ಕನ್ನಡಕ್ಕೆ ಒಂದಿಷ್ಟು ತಮಿಳು, ಒಂದಿಷ್ಟು ತೆಲುಗು, ನಾಯಿಗಳಿಗೆಂದೇ ಇಟ್ಟುಕೊಂಡ ಏಳೆಂಟು ಇಂಗ್ಲಿಷ್ ಮಾತು. ಕಬ್ಬಿಣದ ಕಾರ್ಖಾನೆಗೆ ಬಂದಿದ್ದ ಒಬ್ಬ ಬಿಳಿ ಇಂಜಿನಿಯರನ ಬಂಗಲೆಯಲ್ಲಿ ನಾಯಿ ನೋಡಿಕೊಳ್ಳುವ ಕೆಲಸ ಇತ್ತಂತೆ. ದೊರೆ ಕಾಂಟ್ರಾಕ್ಟು ಮುಗಿಸಿ ಹಡಗು ಹತ್ತಿದ. ಇವರು ಬಂಗಲೆಯ ಹಿಂದಿನ ಶೆಡ್ಡಿನಲ್ಲೇ ಉಳಿದರು. ಅವನು ಬಿಟ್ಟುಹೋದ ಖಾಕಿ ಕೋಟು, ಅದಕ್ಕೆ ಒಂದೇ ಜೇಬು. ಇನ್ನೊಂದು ಜೇಬಿದ್ದ ಜಾಗದಲ್ಲಿ ಬಣ್ಣ ಮಾಸದ ಚೌಕ ಒಂದು ಕಾಣುತ್ತಿತ್ತು. ಕೂತರೆ ಕುಕ್ಕರಗಾಲಿನಲ್ಲೇ. ಮಾತಾಡುವಾಗ ಎದುರಿಗಿದ್ದವರ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು.

ನಮ್ಮಪ್ಪ ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿದ್ದವರು. ಫರ್ನೇಸಿನ ಕಡೆ ಒಂದು ಕೆಲಸ ಕೊಡಿಸುತ್ತೇನೆ ಅಂದರೆ ಇವರು, "ಕಬ್ಬಿಣಕ್ಕೆ ನನ್ನ ಮಾತು ಕೇಳಿಸಲ್ಲ ಸಾಮಿ" ಅಂದುಬಿಟ್ಟರಂತೆ. ಅಪ್ಪ ಇದನ್ನು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

ನಮ್ಮ ಮನೆಗೆ ನಾಯಿ ಬಂದದ್ದೇ ಒಂದು ಆಶ್ಚರ್ಯ. ಅಜ್ಜಿ, ಅಮ್ಮ ಇಬ್ಬರೂ ಮಡಿ. ಬಟ್ಟೆ ಒಣಗಿಸುವ ಗಳುವನ್ನು ನಾನು ಮುಟ್ಟಿದರೇ ರಂಪ, ಇನ್ನು ನಾಯಿ! ಆದರೆ ಆ ವರ್ಷ ಹಿತ್ತಲಿನ ಬಚ್ಚಲಿಂದ ತಾಮ್ರದ ಹಂಡೆಯನ್ನೇ ಯಾರೋ ಎತ್ತಿಕೊಂಡು ಹೋದರು. ಅದು ಅಜ್ಜಿಯ ತವರಿನ ಹಂಡೆ. ಮೂರು ದಿನ ಊಟ ಬಿಟ್ಟು ನಾಲ್ಕನೆಯ ದಿನ, "ತರೋದಾದ್ರೆ ತಾ, ಹೊಸಿಲು ಮಾತ್ರ ದಾಟಕೂಡದು" ಅಂದಳು. ಅಪ್ಪ ಯಾವುದೋ ಬಂಗಲೆಯಲ್ಲಿ ಹುಟ್ಟಿದ ಮರಿ ಮಾತಾಡಿಕೊಂಡು ಬಂದರು. ಮರಿಯನ್ನು ಆ ಒಂದೇ ಜೇಬಿನಲ್ಲಿಟ್ಟುಕೊಂಡು ತಂದವರು ಮೇಷ್ಟ್ರು.

ಅಜ್ಜಿ ಬಾಗಿಲಲ್ಲೇ ನಿಂತು, "ಜಗಲಿ ಹತ್ತಬೇಡ ಮಾರಾಯ" ಅಂದಳು.

"ಯಾರು ಅಮ್ಮಾ, ನಾನಾ ಮರಿನಾ?"

"ಇಬ್ಬರೂನೂ."

ಮೇಷ್ಟ್ರು ಜೇಬಿನೊಳಗೆ ಬಗ್ಗಿ ನೋಡಿ, "ಕೇಳಿಸ್ತೇನೋ? ನಮಗಿಬ್ಬರಿಗೂ ಒಂದೇ ರೂಲ್" ಅಂದರು. ಅಪ್ಪ ನಕ್ಕರು. ನಾನೂ ನಕ್ಕೆ. ಒಂಬತ್ತು ವರ್ಷ ನನಗೆ.

ಮರಿಯ ಬಣ್ಣ ನೋಡಿ ಅಪ್ಪ ಜಿಂಜರ್ ಅಂತ ಹೆಸರಿಟ್ಟರು. ಹಾಗಂದರೇನು ಅಂತ ಅಜ್ಜಿ ಕೇಳಿದಳು. ಶುಂಠಿ ಅಂದೆವು. "ಹಾಗಾದ್ರೆ ಶುಂಠಿ ಅನ್ನೋಕೆ ಏನು ರೋಗ ನಿಮಗೆ?" ಅಂದಳು. ಅಲ್ಲಿಗೆ ಶುಂಠಿಯೇ ಉಳಿಯಿತು.

ನಾನು ಅಂದುಕೊಂಡಿದ್ದೆ, ಪಾಠ ಅಂದರೆ ಕೂರು, ಏಳು, ಕೈ ಕೊಡು, ಸರ್ಕಸ್ಸಿನ ಹಾಗೆ. ಮೊದಲ ವಾರ ಅವರು ಅದೇನನ್ನೂ ಮಾಡಲಿಲ್ಲ. ದಿನಾ ಬೆಳಗ್ಗೆ ಬಂದು ಹಿತ್ತಲಿನ ನುಗ್ಗೆಮರದ ಕೆಳಗೆ ಕೂತು ಅದರ ಹೆಸರು ಹೇಳುವುದು, ಅದು ತಿರುಗಿದರೆ ಕತ್ತಿನ ಕೆಳಗೆ ಒಂದು ಬೆರಳಿನಿಂದ ಕೆರೆಯುವುದು. ತುಳಸಿಕಟ್ಟೆಯ ಹತ್ತಿರ ಅದು ಒದ್ದೆ ಮಾಡಿದ ದಿನ ಅಜ್ಜಿ ಕಟ್ಟಿಗೆ ಎತ್ತಿಕೊಂಡು ಬಂದಳು. ಮೇಷ್ಟ್ರು ಮರಿಗೆ ಅಡ್ಡ ಕೂತು, "ಹೊಡೀರಿ ಅಮ್ಮಾ, ನನಗೆ ಹೊಡೀರಿ. ಹೊತ್ತಿಗೆ ಸರಿಯಾಗಿ ಹೊರಗೆ ಕರ್ಕೊಂಡು ಹೋಗದೆ ಇದ್ದದ್ದು ನಾನು" ಅಂದರು. ಅಜ್ಜಿ ಕಟ್ಟಿಗೆ ಕೆಳಗಿಟ್ಟಳು. ನನಗೆ ಆಮೇಲೆ ಹೇಳಿದರು, "ಹೊಡೆದ್ರೆ ಮರಿ ಪಾಠ ಕಲಿಯಲ್ಲ ಪಾಪಾ. ಹೊಡೆದ ಕೈಯನ್ನ ಕಲಿಯುತ್ತೆ."

ಆ ಕಾಲದಲ್ಲಿ ಹುಚ್ಚುನಾಯಿ ಕಾಟ ಅಂತ ಬೀದಿಯಲ್ಲಿ ವಿಷದ ಉಂಡೆ ಎಸೆಯುತ್ತಿದ್ದರು. ಅನ್ನಕ್ಕೋ ಮಾಂಸಕ್ಕೋ ಕಲಸಿದ ಉಂಡೆ. ಬೆಳಗಾದರೆ ಚರಂಡಿ ಪಕ್ಕ ಕಾಲು ಚಾಚಿದ ನಾಯಿಗಳು. ದೊರೆ ಹೋಗುವ ಮುಂಚೆ, ಅವನ ಹೆಣ್ಣುನಾಯಿ ಒಂದು ಉಂಡೆ ತಿಂದು ಬಂತಂತೆ. ಮೇಷ್ಟ್ರು ಹುಣಸೆನೀರು ಕುಡಿಸಿ, ಗಂಟಲಿಗೆ ಬೆರಳು ಹಾಕಿ, ಏನೇನೋ ಮಾಡಿದರಂತೆ. ಕೊನೆಯ ತನಕ ಅದು ಬಾಲ ಆಡಿಸುತ್ತಿತ್ತು ಅಂದರು. ಇದನ್ನು ಅವರು ಒಂದೇ ಸಲ ಹೇಳಿದ್ದು, ನುಗ್ಗೆಮರದ ಕಡೆ ನೋಡಿಕೊಂಡು. ಬೆರಳು ಎತ್ತಿ ತೋರಿಸಿದರು, ಹಲ್ಲಿನ ಗುರುತು ಇತ್ತು.

"ಅದಕ್ಕೇ ನನ್ನ ಮರಿಗಳಿಗೆ ಮೊದಲ ಪಾಠ ಸಿಟ್ ಅಲ್ಲ ಪಾಪಾ. ಲೀವ್ ಇಟ್. ಬೇಡ ಅನ್ನೋದು. ಬೇಡ ಅನ್ನೋದು ಬಂದ್ರೆ ಮರಿ ಬದುಕುತ್ತೆ. ಮಿಕ್ಕಿದ್ದು ಎಲ್ಲಾ ಶೋಕಿ."

ಪಾಠ ಹೀಗೆ. ನೆಲದ ಮೇಲೆ ಬಿದ್ದದ್ದು ಬೇಡ. ಮೇಲಿಂದ ಎಸೆದದ್ದು ಬೇಡ. ಗುರುತಿಲ್ಲದ ಕೈಯಲ್ಲಿರುವುದು ಬೇಡ. ತಟ್ಟೆಯನ್ನು ಎರಡು ಸಲ ತಟ್ಟಿ, ಆಮೇಲೆ ಅಂಗೈಯಲ್ಲಿಟ್ಟು "ಟೇಕ್" ಅಂದರೆ ಮಾತ್ರ ಬಾಯಿ ಹಾಕಬೇಕು. ಆ ಕೈ ಯಾರದ್ದು ಅನ್ನುವ ಪ್ರಶ್ನೆ ಬಂತು.

"ಎರಡು ಕೈ ಬೇಕು ಅಮ್ಮಾವ್ರೇ" ಅಂದರು ಮೇಷ್ಟ್ರು. "ಒಂದು ಕೈಗೆ ಜ್ವರ ಬಂದ್ರೆ ಇನ್ನೊಂದು ಇರಬೇಕು."

ಅಪ್ಪನಿಗೆ ಹೊತ್ತು ಗೊತ್ತಿಲ್ಲದ ಕೆಲಸ. ಅಜ್ಜಿಯ ಮಾತೇ ಇಲ್ಲ. ಒಂದು ಕೈ ನನ್ನದು ಅಂತಾಯಿತು. ಎರಡನೆಯದು ಅಮ್ಮನದು ಅಂತ ಅಮ್ಮನೇ ಒಪ್ಪಿಕೊಂಡಳು. ಅವಳಿಗೆ ಶುಂಠಿಯ ಮೇಲೆ ಪ್ರೀತಿ ಇಲ್ಲದೇ ಇರಲಿಲ್ಲ.

ನನ್ನ ಅಂಗೈ ಮುಂದೆ ಮಾಡಿಸಿ, ಅದನ್ನೇ ನೋಡುತ್ತ ಮೇಷ್ಟ್ರು ಕೇಳಿದರು, "ಈ ಕೈ ಮನೇಲೇ ಇರುತ್ತಾ ಪಾಪಾ?"

"ಇನ್ನೆಲ್ಲಿಗೆ ಹೋಗ್ತಾಳೆ?" ಅಂತ ಅಮ್ಮ ಒಳಗಿಂದಲೇ ಉತ್ತರ ಕೊಟ್ಟಳು. "ಮದುವೆ ಆಗೋವರೆಗೂ ಇಲ್ಲೇ."

ನನ್ನ ಕೈ ಬೇಗ ಕಲಿಯಿತು. ಅಮ್ಮನ ಕೈ ಕಲಿಯಲೇ ಇಲ್ಲ. ಅಡುಗೆಮನೆಯಿಂದ ಬಂದವಳು ಅನ್ನದ ಮುದ್ದೆಯನ್ನು ಸೊಂಟದ ಎತ್ತರದಿಂದ ತೊಪ್ಪೆಂದು ಬಿಡುವಳು. ಅದರ ಮೂಗು ತನಗೆ ತಾಕಬಾರದು, ಉಸಿರು ಕೂಡ. "ಕೈಯಲ್ಲಿ ಕೊಡಿ ಅಮ್ಮಾವ್ರೇ, ಒಂದೇ ಒಂದು ಸಲ" ಅಂತ ಮೇಷ್ಟ್ರು ಬೇಲಿಯ ಹತ್ತಿರ ನಿಂತು ಬೇಡುವರು. "ನಾಳೆ ಕೊಡ್ತೀನಿ ಕಣಪ್ಪ, ಇವತ್ತು ಏಕಾದಶಿ." "ನಾಳೆ ಕೊಡ್ತೀನಿ, ಇವತ್ತು ಮಾವನವರ ಶ್ರಾದ್ಧ." ಹೀಗೆ ನಾಳೆ ನಾಳೆ ಅಂತ ದಿನ ಹೋದವು. ಎತ್ತರದಿಂದ ಬಿದ್ದ ಅನ್ನವನ್ನು ಶುಂಠಿ ಮೂಸುತ್ತಲೂ ಇರಲಿಲ್ಲ. ಕಲಿಸಿದ್ದೇ ಹಾಗೆ ತಾನೇ? ಅದಕ್ಕೆ ಅಮ್ಮನೂ ಬೀದಿಯ ಉಂಡೆ ಎಸೆಯುವವರೂ ಒಂದೇ ಆಗಿಬಿಟ್ಟರು. ನಾನು ಬಂದು ಅಂಗೈಯಲ್ಲಿ ಕೊಟ್ಟರೆ ಊಟ. ನಮಗೆಲ್ಲ ಇದೊಂದು ಹೆಮ್ಮೆ. "ನಮ್ಮ ಶುಂಠಿ ನೋಡ್ರೀ, ನನ್ನ ಮಗಳ ಕೈಯಲ್ಲಿ ಬಿಟ್ಟು ಇನ್ಯಾರ ಹತ್ತಿರಾನೂ ತಿನ್ನಲ್ಲ" ಅಂತ ಅಮ್ಮ ಅಕ್ಕಪಕ್ಕದವರ ಹತ್ತಿರ ಹೇಳಿಕೊಂಡು ತಿರುಗಿದಳು.

ಮೂರು ತಿಂಗಳು ಕಳೆದ ಮೇಲೆ ಪರೀಕ್ಷೆ ಆಯಿತು. ಮೇಷ್ಟ್ರು ಎಲ್ಲಿಂದಲೋ ಬೇಯಿಸಿದ ಮಾಂಸದ ಚೂರು ತಂದು, ಬೇಲಿಯಾಚೆಗೆ ಶುಂಠಿಯನ್ನು ಕರೆದುಕೊಂಡು ಹೋಗಿ, ತಮ್ಮ ಅಂಗೈಯಲ್ಲೇ ಹಿಡಿದರು. ತಟ್ಟೆ ತಟ್ಟಿದರು. "ಟೇಕ್" ಅಂದರು. ಶುಂಠಿಯ ಬಾಯಿಂದ ಜೊಲ್ಲು ನೂಲಿನ ಹಾಗೆ ಇಳಿಯಿತು. ಅದು ಅವರ ಮುಖ ನೋಡಿತು, ತಿರುಗಿ ನನ್ನ ಮುಖ ನೋಡಿತು, ಕತ್ತು ಪಕ್ಕಕ್ಕೆ ಹೊರಳಿಸಿಬಿಟ್ಟಿತು. ಮೇಷ್ಟ್ರು ಮಾಂಸ ದೂರ ಎಸೆದು ನೆಲಕ್ಕೆ ಕೂತರು. ಕಣ್ಣಲ್ಲಿ ನೀರು.

"ನನ್ನ ಕೈಲೂ ತಿನ್ನಲಿಲ್ಲ ಪಾಪಾ! ನನ್ನ ಕೈಲೂ! ಫಸ್ಟ್ ಕ್ಲಾಸ್ ಪಾಸ್!"

ಅಮ್ಮ ಆ ದಿನ ಅವರಿಗೆ ಹೋಳಿಗೆ ಕೊಟ್ಟಳು. ಬಾಳೆಲೆಯಲ್ಲಿ ಸುತ್ತಿ, ಬೇಲಿಯ ಮೇಲಿಂದ, ತಾಕದ ಹಾಗೆ ಬಿಟ್ಟಳು. ಅವರು ಎರಡು ಕೈಯಲ್ಲೂ ಹಿಡಿದುಕೊಂಡರು.

ಮುಂದಿನ ಜೂನಿನಲ್ಲಿ ನನ್ನನ್ನು ಶಿವಮೊಗ್ಗದ ಕಾನ್ವೆಂಟಿಗೆ ಸೇರಿಸಿದರು, ಬೋರ್ಡಿಂಗಿಗೆ. ಅಪ್ಪನ ಬಹುದಿನದ ಆಸೆ. ಆಫೀಸಿನಲ್ಲಿ ಬಿಳಿಯರ ಎದುರು ಇಂಗ್ಲಿಷಿಗೆ ತಡವರಿಸಿ ತಡವರಿಸಿ ಅವರಿಗೆ ಸಾಕಾಗಿತ್ತು, ಮಗಳು ಹಾಗಾಗಬಾರದು ಅಂತ. ಸೀಟು ಸಿಕ್ಕ ಸುದ್ದಿ ಬಂದು ನಾಲ್ಕೇ ದಿನಕ್ಕೆ ಹೊರಟೆವು. ನಾಲ್ಕು ದಿನವೂ ಟ್ರಂಕು, ಯೂನಿಫಾರಂ, ಬಟ್ಟೆಗೆ ನಂಬರು ಹೊಲಿಯುವುದು, ಇದೇ. ಶುಂಠಿಗೆ ಏನು ಮಾಡುವುದು ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ನನಗೆ ಬಿಳಿ ಕಾಲುಚೀಲದ ಸಂಭ್ರಮ. ಮೇಷ್ಟ್ರು ಆ ವಾರ ಯಾವುದೋ ತೋಟದ ಮನೆಯ ಮರಿಗೆ ಪಾಠ ಹೇಳಲು ತರೀಕೆರೆ ಕಡೆ ಹೋಗಿದ್ದರು. ಬಂದು ನೋಡುವಾಗ ನಾನಿಲ್ಲ.

ಮುಂದಿನದೆಲ್ಲ ನಾನು ಅಮ್ಮನ ಬಾಯಿಂದ ಕೇಳಿದ್ದು, ರಜೆಗೆ ಹೋದಾಗ.

ನಾನು ಹೋದ ಮೂರು ದಿನ ಶುಂಠಿ ಗೇಟಿನಲ್ಲಿ ಕೂತಿತ್ತು. ಅಮ್ಮ ಎಂದಿನಂತೆ ಅನ್ನ ಮೇಲಿಂದ ಬಿಟ್ಟಳು, ಅದು ನೋಡಲಿಲ್ಲ. ಹಸಿದರೆ ತಾನೇ ತಿನ್ನುತ್ತೆ ಅಂದಳು ಅಜ್ಜಿ. ನಾಲ್ಕನೆಯ ದಿನ ಮೇಷ್ಟ್ರು ಬಂದರು. ಅಮ್ಮ ವಿಷಯ ಹೇಳಿದಳು. ಅವರು "ಆ ಕೈ ಮನೇಲೇ ಇರುತ್ತೆ ಅಂದ್ರಲ್ಲ ಅಮ್ಮಾವ್ರೇ" ಅಂತ ಕೂಡ ಅನ್ನಲಿಲ್ಲವಂತೆ. ಅಂದಿದ್ದರೆ ವಾಸಿಯಿತ್ತು ಅಂತಿದ್ದಳು ಅಮ್ಮ. ಹೋಗಿ ತಟ್ಟೆ ತಂದರು, ತಟ್ಟಿದರು. ಶುಂಠಿ ಎದ್ದು ಓಡಿ ಬಂತು, ಅಂಗೈ ಮೂಸಿತು, ತಾನು ಕಲಿತದ್ದನ್ನು ತಪ್ಪದೆ ಮಾಡಿತು. ಕತ್ತು ಪಕ್ಕಕ್ಕೆ ಹೊರಳಿಸಿತು.

ಆಮೇಲೆ ದಿನಾ ಬೆಳಗಿನಿಂದ ಸಂಜೆಯ ತನಕ ಅವರು ಅದರ ಎದುರೇ ಕೂತಿದ್ದರಂತೆ. ತಾವು ಕಲಿಸಿದ್ದನ್ನು ಮರೆಸುವುದು ಹೇಗೆ ಅಂತ ಅವರಿಗೆ ಗೊತ್ತಿರಲಿಲ್ಲ. ಯಾವತ್ತೂ ಬೇಕಾಗಿರಲಿಲ್ಲ. ಗಂಜಿಯನ್ನು ಬೆರಳಿಂದ ಅದರ ತುಟಿಗೆ ಸವರಿದರು, ಒರೆಸಿಕೊಂಡುಬಿಟ್ಟಿತು. ಬಾಯಿ ಬಿಡಿಸಿ ಹಾಲು ಹೊಯ್ದರು, ಪಕ್ಕದಿಂದ ಚೆಲ್ಲಿತು, ಒಂದಿಷ್ಟು ಒಳಗೆ ಹೋದರೆ ಕಕ್ಕಿತು. "ತಿನ್ನೋ ರಾಜಾ, ನಾನು ಹೇಳಿದ್ದು ಸುಳ್ಳು ಕಣೋ, ಎಲ್ಲಾ ಸುಳ್ಳು" ಅಂತ ಅದರ ಕಿವಿಯಲ್ಲಿ ಹೇಳುತ್ತಿದ್ದರಂತೆ, ಅಳುತ್ತ. ಅಪ್ಪ, "ಒಂದು ನಾಯಿಗೋಸ್ಕರ ಮಗಳನ್ನ ಸ್ಕೂಲು ಬಿಡಿಸಿ ಕರೆತರೋಕಾಗುತ್ತೇನಪ್ಪಾ?" ಅಂದರು. ಸೇರಿದ ಹೊಸತರಲ್ಲೇ ಮನೆಗೆ ಕಳಿಸುವುದಿಲ್ಲ ಅಂತ ಕಾನ್ವೆಂಟಿನ ರೂಲೂ ಇತ್ತು. ಮೇಷ್ಟ್ರು, "ಬೇಡ ಸಾಮಿ, ಕೇಳಲ್ಲ. ನಾನೇ ಹೋಗಿಬರ್ತೀನಿ" ಅಂದರು. ಬೆಳಗಿನ ಕೂಗಿಗೆ ಹೊರಟು ಹನ್ನೊಂದು ಹನ್ನೆರಡು ಮೈಲಿ ನಡೆದು ಶಿವಮೊಗ್ಗಕ್ಕೆ ಬಂದು, ನನ್ನದೊಂದು ಬಟ್ಟೆ ಇಸಿದುಕೊಂಡು, ದೀಪ ಹಚ್ಚುವ ಹೊತ್ತಿಗೆ ಮತ್ತೆ ಭದ್ರಾವತಿಯಲ್ಲಿದ್ದರು.

ಆ ಬಟ್ಟೆಯನ್ನು ಶುಂಠಿಯ ಮುಂದೆ ಹಾಸಿ, ಅದರ ಮೇಲೆ ತಟ್ಟೆ ಇಟ್ಟರಂತೆ. ಶುಂಠಿ ಒಂದು ಸಲ ಮೂಸಿತು. ಮೇಷ್ಟ್ರನ್ನು ನೋಡಿತು. ತಲೆಯನ್ನು ನೆಲದ ಮೇಲೆ ಇಟ್ಟುಕೊಂಡಿತು. ಆಗ ಅಮ್ಮ ಸೆರಗು ಸಿಕ್ಕಿಸಿ, ಅಜ್ಜಿ ನೋಡುತ್ತಿರುವಾಗಲೇ ಮಣ್ಣಿನಲ್ಲಿ ಕೂತು, ಅದರ ತಲೆಯನ್ನು ತೊಡೆಯ ಮೇಲೆತ್ತಿಕೊಂಡು ಅನ್ನವನ್ನು ಅಂಗೈಯಲ್ಲಿ ಹಿಡಿದಳು. ಮೊದಲ ಸಲ. ಅಮ್ಮನ ಕೈಯನ್ನು ಅದು ನೆಕ್ಕಿತಂತೆ. ಅನ್ನ ಬಿಟ್ಟು ಬರೀ ಮಣಿಕಟ್ಟನ್ನು.

"ತಡವಾಯ್ತು ಅಮ್ಮಾವ್ರೇ. ನಮ್ಮದೇ ತಡವಾಯ್ತು" ಅಂದರಂತೆ ಮೇಷ್ಟ್ರು.

ಅದಾಗಿ ಐದು ದಿನಕ್ಕೆ ನನಗೆ ಅಪ್ಪನ ಕಾಗದ ಬಂತು. ಇಂಗ್ಲಿಷಿನಲ್ಲಿತ್ತು, ನಾನು ಓದಿ ಕಲಿಯಲಿ ಅಂತ. ಜಿಂಜರ್ ಈಸ್ ನೋ ಮೋರ್. ಅದರ ಕೆಳಗೆ, ಅಟೆಂಡ್ ಟು ಯುವರ್ ಸ್ಟಡೀಸ್. ನೋ ಮೋರ್ ಅಂದರೇನು ಅಂತ ನಾನು ಪಕ್ಕದ ಮಂಚದ ಹುಡುಗಿಯನ್ನು ಕೇಳಬೇಕಾಯಿತು.

ಮೇಷ್ಟ್ರು ಮತ್ತೆ ಯಾವ ಮರಿಗೂ ಪಾಠ ಹೇಳಲಿಲ್ಲ. ಕಾರ್ಖಾನೆಯ ಯಾರ್ಡಿನಲ್ಲಿ ಅದಿರು ಇಳಿಸುವ ಕೂಲಿಗೆ ಸೇರಿದರು. ಅಪ್ಪನನ್ನು ಅವರೇ ಬಂದು ಕೇಳಿದರಂತೆ, ಮಾತು ಕೇಳಿಸದ ಕೆಲಸ ಯಾವುದಾದರೂ ಕೊಡಿಸಿ ಸಾಮಿ, ಅಂತ. ಒಂದು ಮಳೆಗಾಲ ಅಲ್ಲಿದ್ದು, ಆಮೇಲೆ ಕೆಮ್ಮಣ್ಣುಗುಂಡಿಯ ಗಣಿಯ ಕಡೆ ಹೋದರು ಅಂತ ಸುದ್ದಿ. ಅಲ್ಲಿಂದಾಚೆ ಏನೂ ಗೊತ್ತಿಲ್ಲ. ನಾನು ರಜೆಗೆ ಹೋಗುವಷ್ಟರಲ್ಲಿ ಶೆಡ್ಡಿಗೆ ಬೇರೆ ಬೀಗ ಬಿದ್ದಿತ್ತು.

ಹಾಗಾಗಿ ನಾನು ಅವರನ್ನು ಕೊನೆಯ ಸಲ ನೋಡಿದ್ದು ಶಿವಮೊಗ್ಗದಲ್ಲಿ, ಕಾನ್ವೆಂಟಿನ ಗೇಟಿನಲ್ಲಿ, ಬಟ್ಟೆಗೆ ಬಂದ ಆ ದಿನ. ಅಮ್ಮನಿಗೆ ಈ ಭಾಗ ಹೇಳಲಿಲ್ಲ. ಗಂಡನಿಗೆ ಹೇಳಲಿಲ್ಲ. ಯಾವ ಪಾದ್ರಿಯ ಮುಂದೆ ಹೇಳುವ ಪದ್ಧತಿಯೂ ನಮ್ಮದಲ್ಲ.

ಮಧ್ಯಾಹ್ನದ ಬೆಲ್ಲು ಹೊಡೆದಿತ್ತು. ಯಾರೋ ಬಂದಿದ್ದಾರೆ ಅಂತ ಸಿಸ್ಟರ್ ಕರೆದುಕೊಂಡು ಹೋದರು. ನನ್ನ ಹಿಂದೆ ನಾಲ್ಕೈದು ಹುಡುಗಿಯರು ಬಂದು ಸಾಲಾಗಿ ನಿಂತರು. ಗೇಟಿನಾಚೆ ಮೇಷ್ಟ್ರು. ಮಂಡಿಯ ತನಕ ಧೂಳು. ಖಾಕಿ ಕೋಟು ಬೆವರಿಗೆ ಬೆನ್ನಿಗಂಟಿತ್ತು. ಅವರನ್ನು ನೋಡಿ ಒಬ್ಬಳು ಮೂಗು ಮುಚ್ಚಿಕೊಂಡಳು.

"ಪಾಪಾ, ಶುಂಠಿ ಊಟ ಬಿಟ್ಟಿದೆ. ಎಂಟು ದಿನ ಆಯ್ತು. ನೀವು ಬರೋಕಾಗಲ್ಲ, ಗೊತ್ತು. ನೀವು ಮೈಮೇಲೆ ಹಾಕ್ಕೊಂಡದ್ದು ಒಂದು ಬಟ್ಟೆ ಕೊಡಿ, ಏನಾದ್ರೂ ಸರಿ. ಒಗೆದದ್ದು ಬೇಡ. ಬೆವರಿಂದು ಬೇಕು. ನಿಮ್ಮ ವಾಸನೆ ಸಿಕ್ಕಿದ್ರೆ ಅದು ತಿನ್ನುತ್ತೆ."

ಅವರು ಹೇಳಿದ್ದು ನನಗೆ ಪೂರ್ತಿ ಅರ್ಥವಾಯಿತು. ಇದನ್ನು ಸ್ಪಷ್ಟವಾಗಿ ಬರೆದುಬಿಡುತ್ತೇನೆ. ಚಿಕ್ಕವಳು, ತಿಳಿಯಲಿಲ್ಲ, ಅನ್ನುವ ಹಾಗಿಲ್ಲ.

"ವಾಟ್ ಡಸ್ ಹಿ ವಾಂಟ್?" ಅಂದರು ಸಿಸ್ಟರ್. ಕನ್ನಡ ಬಲ್ಲ ಹುಡುಗಿಯೊಬ್ಬಳು, "ಹರ್ ಡರ್ಟಿ ಕ್ಲೋತ್ಸ್, ಸಿಸ್ಟರ್" ಅಂದಳು. ಎಲ್ಲರೂ ನಕ್ಕರು. ಸಿಸ್ಟರ್ ನಗಲಿಲ್ಲ, ಒಳ್ಳೆಯವರು. "ಗೋ, ಚೈಲ್ಡ್, ಗಿವ್ ಹಿಮ್ ಸಮ್‌ಥಿಂಗ್" ಅಂದರು.

ಡಾರ್ಮಿಟರಿಗೆ ಓಡಿದೆ. ಮಂಚದ ಕೆಳಗಿನ ಚೀಲದಲ್ಲಿ ಹಿಂದಿನ ದಿನ ಬಿಚ್ಚಿದ ಪೆಟಿಕೋಟು ಇತ್ತು. ಕೈಗೆತ್ತಿಕೊಂಡೆ. ಬಾಗಿಲಿನ ತನಕ ತಂದೆ ಕೂಡ. ಗೇಟಿನಲ್ಲಿ ಆ ಹುಡುಗಿಯರು ಇನ್ನೂ ನಿಂತಿದ್ದರು. ವಾಪಸ್ಸು ಹೋಗಿ ಅದನ್ನು ಚೀಲಕ್ಕೆ ತುರುಕಿ, ಟ್ರಂಕು ತೆಗೆದು, ಆ ಬೆಳಗ್ಗೆಯಷ್ಟೇ ಅಗಸರ ಮನೆಯಿಂದ ಇಸ್ತ್ರಿಯಾಗಿ ಬಂದಿದ್ದ ಹಳದಿ ಲಂಗ ತೆಗೆದುಕೊಂಡೆ. ಮಡಿಕೆ ಕೂಡ ಬಿಚ್ಚಿರಲಿಲ್ಲ. ಗೇಟಿನ ಸರಳಿನ ಸಂದಿಯಿಂದ ಕೊಟ್ಟೆ.

ಮೇಷ್ಟ್ರು ಎರಡು ಕೈಯಲ್ಲೂ ತೆಗೆದುಕೊಂಡರು. ಮುಖದ ಹತ್ತಿರ ತಂದರು. ಉಸಿರು ಎಳೆದುಕೊಂಡರು. ಅವತ್ತು ಮಾತ್ರ ಅವರು ನನ್ನ ಕೈ ನೋಡಲಿಲ್ಲ, ಮುಖ ನೋಡಿದರು. ಆಮೇಲೆ ನನ್ನ ಹಿಂದೆ ನಿಂತಿದ್ದ ಹುಡುಗಿಯರನ್ನು ನೋಡಿದರು. ನನ್ನ ಜಡೆಯಲ್ಲಿ ಮೂರು ದಿನದಿಂದ ಬಿಚ್ಚದ ರಿಬ್ಬನ್ ಇತ್ತು, ಅದನ್ನೂ ನೋಡಿದರು. ಕೇಳಿದ್ದರೆ ಕೊಡುತ್ತಿದ್ದೆನೋ ಏನೋ. ಅವರು ಕೇಳಲಿಲ್ಲ.

"ಇಲ್ಲಿ ತುಂಬಾ ಚೆನ್ನಾಗಿ ಒಗೀತಾರೆ ಪಾಪಾ" ಅಂದರು. "ಚೆನ್ನಾಗಿ ಓದಿ."

ಸಿಸ್ಟರಿಗೆ ಕೈಮುಗಿದು ತಿರುಗಿ ಹೊರಟರು. ನಾನು ಸರಳು ಹಿಡಿದುಕೊಂಡು ನೋಡುತ್ತಿದ್ದೆ. ತಮ್ಮ ಮೈಯ ಬೆವರು ಅದಕ್ಕೆ ತಾಕಬಾರದು ಅಂತ, ಆ ಲಂಗವನ್ನು ಎರಡು ಅಂಗೈಯ ಮೇಲೆ ಇಟ್ಟುಕೊಂಡು, ಕೈಗಳನ್ನು ಮುಂದಕ್ಕೆ ಚಾಚಿಕೊಂಡೇ ಅವರು ಭದ್ರಾವತಿಯ ರಸ್ತೆ ಹಿಡಿದರು.